ಅಮ್ಮನ ಪೊಟ್ಯಾಶಿಯಂ, ಬೈಕಿನ ಡಬ್ಬಿ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಎರಡು ಕಡೆ ಟೆಸ್ಟ್ ಮಾಡಿಸಿದೆವು, ಎರಡು ಥರ ಬಂತು, ಯಾರನ್ನು ನಂಬೋದು ಅಂತ. ಅದರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ 67 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ. ಲ್ಯಾಬಿನವರು ಮನೆಗೇ ಬಂದು ರಕ್ತ ತಗೊಂಡು ಹೋದರು. ಸಂಜೆ ಫೋನ್ ಮಾಡಿ ಪೊಟ್ಯಾಶಿಯಂ 6.3 ಇದೆ, ತಕ್ಷಣ ಆಸ್ಪತ್ರೆಗೆ ಹೋಗಿ ಅಂದರು. ಎದೆ ಹೊಡ್ಕೊಂಡು ಓಡಿದೆವು. ಅಲ್ಲಿ ಇಸಿಜಿ ಸರಿಯಾಗಿತ್ತು, ಮತ್ತೆ ರಕ್ತ ತೆಗೆದರೆ 4.4. ಮೊದಲಿನವರು ಸುಮ್ನೆ ಯಾವುದೋ ನಂಬರ್ ಹಾಕಿಬಿಟ್ರಾ?
– ಓದುಗರು, ಕೆಂಗೇರಿ

ಉತ್ತರ: ಹಾಗೆ ಅನ್ನಿಸುವುದಿಲ್ಲ. ಮೆಷಿನ್ ಬಹುಶಃ ಸರಿಯಾಗೇ ಓದಿದೆ. ಆ ಟ್ಯೂಬಿನಲ್ಲಿ ಪೊಟ್ಯಾಶಿಯಂ ನಿಜವಾಗಲೂ 6.3 ಇದ್ದಿರಬಹುದು. ನಿಮ್ಮ ತಾಯಿಯ ಮೈಯಲ್ಲಿ ಇರಲಿಲ್ಲ, ಅಷ್ಟೆ.

ನಮ್ಮ ಕೆಂಪು ರಕ್ತಕಣಗಳ ಒಳಗೆ ಇರುವ ಪೊಟ್ಯಾಶಿಯಂ, ಹೊರಗಿನ ದ್ರವದಲ್ಲಿ ಇರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ನಾವು ಅಳೆಯುವುದು ಹೊರಗಿನದನ್ನು, ಅಲ್ಲಿ 3.5ರಿಂದ 5ರ ತನಕ ಇದ್ದರೆ ಸರಿ. ಒಂದಷ್ಟು ಕಣ ಒಡೆದರೆ ಸಾಕು, ಒಳಗಿನದೆಲ್ಲ ಹೊರಗೆ ಬಂದು ಲೆಕ್ಕ ಕೆಡುತ್ತದೆ. ಕಣ ಒಡೆಯುವುದಕ್ಕೆ ಕಾರಣ ಬೇಕಾದಷ್ಟಿವೆ. ತೀರಾ ಸಣ್ಣ ಸೂಜಿ, ಸಿರಿಂಜನ್ನು ಜೋರಾಗಿ ಎಳೆಯುವುದು, ಸೂಜಿ ತೆಗೆಯದೇ ಒತ್ತಿ ಟ್ಯೂಬಿಗೆ ತುಂಬುವುದು, ಟ್ಯೂಬನ್ನು ಕೆಮ್ಮಿನ ಔಷಧಿ ಬಾಟಲಿ ಥರ ಕುಲುಕುವುದು. ನಾವು ಇದಕ್ಕೆ ಹಿಮೊಲೈಸ್ಡ್ ಸ್ಯಾಂಪಲ್ ಅನ್ನುತ್ತೇವೆ. ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜಿನಿಂದ ತೆಗೆದಾಗ ಮೇಲೆ ನಿಲ್ಲುವ ದ್ರವ, ಅಂದರೆ ಸೀರಂ, ತಿಳಿಹಳದಿ ಇರುವ ಬದಲು ಗುಲಾಬಿಗೆ ತಿರುಗಿರುತ್ತದೆ. ಈಗಿನ ದೊಡ್ಡ ಮೆಷಿನ್‌ಗಳು ಬಣ್ಣ ನೋಡಿ ತಾವೇ ಎಚ್ಚರಿಸುತ್ತವೆ.

ಇನ್ನೊಂದು ಕಾರಣ ಇದೆ, ಅದು ಕಣ್ಣಿಗೇ ಕಾಣುವುದಿಲ್ಲ. ರಕ್ತ ಕೆಡಬಾರದು ಅಂತ ಒಳ್ಳೆ ಮನಸ್ಸಿನಿಂದಲೇ ಯಾರೋ ಟ್ಯೂಬನ್ನು ಹಾಗೇ ಐಸ್ ಡಬ್ಬಿಗೋ ಫ್ರಿಜ್ಜಿಗೋ ಇಡುತ್ತಾರೆ. ಕಣದ ಗೋಡೆಯಲ್ಲಿ ಪೊಟ್ಯಾಶಿಯಂ ಅನ್ನು ಒಳಗೆ ಹಿಡಿದಿಡುವ ಪಂಪ್ ಒಂದಿದೆ. ಚಳಿಗೆ ಅದು ಮಂದವಾಗುತ್ತದೆ. ಕಣ ಒಡೆಯುವುದಿಲ್ಲ, ಸೀರಂ ತಿಳಿಯಾಗೇ ಇರುತ್ತದೆ, ಪೊಟ್ಯಾಶಿಯಂ ಮಾತ್ರ ಮೆಲ್ಲಗೆ ಸೋರುತ್ತಾ ಹೋಗುತ್ತದೆ. ಹಾಲಿಗೆ ಫ್ರಿಜ್ ಒಳ್ಳೆಯದು, ಸೀರಂ ಬೇರ್ಪಡಿಸದ ಈ ಟ್ಯೂಬಿಗೆ ಅಲ್ಲ.

ಮೂರನೆಯದು ನೇರಳೆ ಮುಚ್ಚಳದ ಟ್ಯೂಬ್. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಪೊಟ್ಯಾಶಿಯಂ ಲವಣವೇ. ಬೇರೆ ಟ್ಯೂಬಿಗೆ ರಕ್ತ ಸಾಲಲಿಲ್ಲ ಅಂತ ಇದರಿಂದ ಸ್ವಲ್ಪ ಸುರಿದರೆ ಮುಗೀತು. ಪೊಟ್ಯಾಶಿಯಂ ಏರುತ್ತದೆ, ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದೆ. ಎರಡೂ ಒಟ್ಟಿಗೆ ಹಾಗೆ ಬಂದಿದ್ದರೆ ಅನುಭವ ಇರುವ ಟೆಕ್ನಿಷಿಯನ್ ರಿಪೋರ್ಟ್ ಬಿಡುವುದೇ ಇಲ್ಲ, ಬೇರೆ ಸ್ಯಾಂಪಲ್ ಕೇಳುತ್ತಾರೆ. ಆಗ ನೀವು ಬೈಯಬೇಡಿ. ಇನ್ನೊಂದು ಸಲ ಚುಚ್ಚಬೇಕು ಅಂತ ಕೇಳುವ ಲ್ಯಾಬ್ ಒಳ್ಳೆ ಲ್ಯಾಬ್.

ಮನೆಮನೆಯಿಂದ ರಕ್ತ ತಗೊಂಡು ಹೋಗುವವರ ಬೈಕಿನ ಡಬ್ಬಿಯ ವಿಷಯಕ್ಕೆ ಬರುತ್ತೇನೆ, ನಮ್ಮೂರಲ್ಲಿ ಅದೇ ದೊಡ್ಡ ತಲೆನೋವು. ಬೆಳಿಗ್ಗೆ ಆರೂವರೆಗೆ ಕೆಂಗೇರಿಯಲ್ಲಿ ತೆಗೆದ ರಕ್ತ, ನಾಯಂಡಹಳ್ಳಿಯಲ್ಲಿ ಇನ್ನೊಂದು ಮನೆ, ಬನಶಂಕರಿಯಲ್ಲಿ ಮತ್ತೆರಡು, ಆಮೇಲೆ ಸಿಲ್ಕ್ ಬೋರ್ಡ್ ದಾಟಿ ಲ್ಯಾಬ್ ಸೇರುವಷ್ಟರಲ್ಲಿ ಒಂಬತ್ತೂವರೆ ಆಗಿರುತ್ತದೆ. ಅಷ್ಟು ಹೊತ್ತೂ ಟ್ಯೂಬಿನೊಳಗೆ ರಕ್ತಕಣಗಳು ಜೀವಂತ ಇವೆ, ಸಕ್ಕರೆ ತಿನ್ನುತ್ತಲೇ ಇವೆ. ಸಾಧಾರಣ ಟ್ಯೂಬಿನಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸ್ ಕರಗುತ್ತದೆ. ಖಾಲಿ ಹೊಟ್ಟೆಯಲ್ಲಿ 130 ಇದ್ದದ್ದು ಎರಡು ಗಂಟೆಯಲ್ಲಿ 115ರ ಹತ್ತಿರ ಬಂದು ನಿಲ್ಲಬಹುದು. ಡಯಾಬಿಟಿಸ್ ಅನ್ನುವ ಗೆರೆ 126. ನೋಡಿ, ಟ್ರಾಫಿಕ್ಕೇ ಒಬ್ಬರ ಶುಗರ್ ಗುಣ ಮಾಡಿಬಿಟ್ಟಿತು! ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸುವುದು ಇದಕ್ಕೇ, ಫ್ಲೋರೈಡ್ ಕಣಗಳು ಸಕ್ಕರೆ ತಿನ್ನುವುದನ್ನು ತಡೆಯುತ್ತದೆ. ಅದೂ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ನೀವು ಓಡಿಹೋಗಿದ್ದು ಸರಿ. ಪೊಟ್ಯಾಶಿಯಂ ನಿಜವಾಗಲೂ ಅಷ್ಟು ಏರಿದ್ದರೆ ಹೃದಯದ ಬಡಿತಕ್ಕೇ ಕುತ್ತು, ಮತ್ತೆ ಕೆಲವು ಬಿಪಿ ಮಾತ್ರೆಗಳು ಅದನ್ನು ಏರಿಸುತ್ತವೆ ಕೂಡ. ಇದು ಸ್ಯಾಂಪಲ್ ತಪ್ಪಿರಬೇಕು ಬಿಡಿ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು. ಮುಂದಿನ ಸಲ ಪೊಟ್ಯಾಶಿಯಂ ನೋಡುವುದಿದ್ದರೆ ಲ್ಯಾಬಿಗೇ ಹೋಗಿ ಕೊಡಿ. ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಟ್ಟು ಮಾಡಬೇಡಿ, ಅದರಿಂದಲೂ ಏರುತ್ತದೆ.

ಪ್ರಶ್ನೆ: ನನಗೆ 31. ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್‌ಎಚ್ ತುಂಬಾ ಕಡಿಮೆ, ಟಿ4 ಜಾಸ್ತಿ ಅಂತ ಬಂದಿದೆ, ಹೈಪರ್‌ಥೈರಾಯ್ಡ್, ಅಂದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡೋ ಕಾಯಿಲೆ, ಇರಬಹುದು ಅಂದರು. ಆದರೆ ನಡುಕ ಇಲ್ಲ, ತೂಕ ಇಳಿದಿಲ್ಲ, ನಿದ್ದೆ ಚೆನ್ನಾಗಿದೆ. ಕೂದಲು ಉದುರುತ್ತೆ ಅಂತ ಒಂದು ಮಾತ್ರೆ ತಗೊಳ್ತೀನಿ, ಅಷ್ಟೆ.
– ಓದುಗರು, ಮಾರತ್ತಹಳ್ಳಿ

ಉತ್ತರ: ಆ 'ಅಷ್ಟೆ'ಯಲ್ಲೇ ಉತ್ತರ ಇರಬಹುದು ಕಣಮ್ಮ. ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ, ಬಯೋಟಿನ್ 10 ಮಿಲಿಗ್ರಾಂ ಅಂತ ಇದೆಯಾ? ಅದೊಂದು ವಿಟಮಿನ್, ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಅಂದರೆ ನೀವು ಮುನ್ನೂರು ಪಟ್ಟಿಗೂ ಜಾಸ್ತಿ ನುಂಗುತ್ತಿದ್ದೀರಿ.

ಹಾರ್ಮೋನ್ ಅಳೆಯುವ ಹಲವು ಮೆಷಿನ್‌ಗಳು ಬಯೋಟಿನ್ ಅನ್ನೇ ಅಂಟಿನ ಥರ ಬಳಸುತ್ತವೆ. ರಕ್ತದಲ್ಲೇ ಅದು ತುಂಬಿಕೊಂಡಿದ್ದರೆ ಅಂಟು ಕೆಲಸ ಕೆಡುತ್ತದೆ. ಟಿಎಸ್‌ಎಚ್ ಟೆಸ್ಟಿನ ರಚನೆ ಒಂದು ಥರ, ಟಿ4ದು ಅದಕ್ಕೆ ಉಲ್ಟಾ, ಹಾಗಾಗಿ ಒಂದು ಸುಳ್ಳೇ ಇಳಿಯುತ್ತದೆ, ಇನ್ನೊಂದು ಸುಳ್ಳೇ ಏರುತ್ತದೆ. ಕಾಗದದ ಮೇಲೆ ಅಚ್ಚುಕಟ್ಟಾದ ಕಾಯಿಲೆ! ತಮಾಷೆ ಅಲ್ಲ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಾಗ, ಹೃದಯಾಘಾತಕ್ಕೆ ನೋಡುವ ಟ್ರೋಪೋನಿನ್ ಹೀಗೇ ಸುಳ್ಳು ಕಡಿಮೆ ಬಂದು ಒಬ್ಬ ರೋಗಿ ಸತ್ತದ್ದನ್ನು ಹೇಳಿತ್ತು. ನಿಮ್ಮ ಡಾಕ್ಟರಿಗೆ ಮಾತ್ರೆ ತೋರಿಸಿ, ಅವರು ಒಪ್ಪಿದರೆ ಎರಡು ಮೂರು ದಿನ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಅದಕ್ಕೆ ಮೊದಲು ಥೈರಾಯ್ಡ್ ಮಾತ್ರೆಗೆ ಅವಸರ ಬೇಡ.

ಪ್ರಶ್ನೆ: ಎನ್‌ಎಬಿಎಲ್ ಅಂತ ಬೋರ್ಡ್ ಇದ್ದರೆ ಕಣ್ಣುಮುಚ್ಚಿ ನಂಬಬಹುದಾ?
– ನಿವೃತ್ತ ಬ್ಯಾಂಕ್ ನೌಕರರು, ಮಲ್ಲೇಶ್ವರ

ಉತ್ತರ: ಕಣ್ಣು ಬಿಟ್ಟುಕೊಂಡು ನಂಬಿ ಸಾರ್. ಎನ್‌ಎಬಿಎಲ್ ಅಂದರೆ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಅವರು ಪರಿಶೀಲಿಸುವುದು ಐಎಸ್‌ಒ 15189 ಅನ್ನುವ ಮಾನದಂಡದ ಪ್ರಕಾರ, ಅದರ ಹೊಸ ಆವೃತ್ತಿ 2022ರದ್ದು. ಆದರೆ ಮಾನ್ಯತೆ ಟೆಸ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಲ್ಯಾಬಿನಲ್ಲಿ ಮುನ್ನೂರು ಟೆಸ್ಟ್ ನಡೆದರೂ ಪಟ್ಟಿಯಲ್ಲಿ ನೂರೇ ಇರಬಹುದು. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಲ್ಯಾಬಿನ ಹೆಸರು ಹಾಕಿ ನಿಮ್ಮ ಟೆಸ್ಟ್ ಇದೆಯೋ ಇಲ್ಲವೋ ನೋಡಿ.

ಬ್ಯಾಂಕಿನವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಬೆಳಿಗ್ಗೆ ಕೌಂಟರ್ ತೆಗೆಯುವ ಮೊದಲು ನಗದು ಎಣಿಸುತ್ತಿದ್ದಿರಲ್ಲ, ಹಾಗೇ ನಾವು ಮೊದಲು ಕಂಟ್ರೋಲ್ ಸ್ಯಾಂಪಲ್ ಓಡಿಸುತ್ತೇವೆ. ಅದರ ಉತ್ತರ ಎಷ್ಟರ ಒಳಗೆ ಬರಬೇಕು ಅಂತ ಮೊದಲೇ ಗೊತ್ತು. ದಿನಾ ಒಂದು ಚುಕ್ಕಿ ಇಡುವ ಲೆವಿ-ಜೆನ್ನಿಂಗ್ಸ್ ಚಾರ್ಟ್ 1950ರಿಂದ ಇದೆ, ಚುಕ್ಕಿ ಎಲ್ಲಿ ಬಿದ್ದರೆ ರಿಪೋರ್ಟ್ ನಿಲ್ಲಿಸಬೇಕು ಅನ್ನುವ ವೆಸ್ಟ್‌ಗಾರ್ಡ್ ನಿಯಮಗಳು 1981ರಿಂದ. ಇದು ನಮ್ಮ ಲೆಕ್ಕ ನಾವೇ ನೋಡಿಕೊಳ್ಳುವುದು. ಹೊರಗಿನ ಆಡಿಟ್ ಬೇರೆ. ವೆಲ್ಲೂರಿನ ಸಿಎಂಸಿ ನಡೆಸುವಂಥ ಯೋಜನೆಯಲ್ಲಿ ಉತ್ತರ ಗೊತ್ತಿಲ್ಲದ ಸ್ಯಾಂಪಲ್ ಕಳಿಸುತ್ತಾರೆ, ನಾವು ಮಾಡಿ ಕಳಿಸಬೇಕು, ಬೇರೆ ಲ್ಯಾಬ್‌ಗಳ ಜೊತೆ ಹೋಲಿಸಿ ಅಂಕ ಬರುತ್ತದೆ. ಲ್ಯಾಬಿಗೆ ಹೋದಾಗ ಈ ಟೆಸ್ಟಿಗೆ ಹೊರಗಿನ ಕ್ವಾಲಿಟಿ ಚೆಕ್ ಮಾಡಿಸ್ತೀರಾ ಅಂತ ಕೇಳಿ ನೋಡಿ. ಮುಖ ಗಂಟು ಹಾಕಿದರೆ ಬೇರೆ ಲ್ಯಾಬ್ ಇದೆ, ಮಲ್ಲೇಶ್ವರದಲ್ಲಿ ಲ್ಯಾಬಿಗೇನು ಬರ.

ಪ್ರಶ್ನೆ: ಬಯೋಕೆಮಿಸ್ಟ್ರಿ ಎಂ.ಡಿ. ಮಾಡುತ್ತಿದ್ದೇನೆ. ಪ್ರಬಂಧಕ್ಕೆ ಹೊಸ ಮಾರ್ಕರ್ (ಕಾಯಿಲೆಯ ಸುಳಿವು ಕೊಡುವ ರಕ್ತದ ಅಂಶ) ಏನಾದರೂ ತಗೊಳ್ಳಲಾ? ಅದನ್ನು ಅಳೆಯುವ ಕಿಟ್ ವಿಪರೀತ ದುಬಾರಿ.
– ಪಿಜಿ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಎಲ್ಲರೂ ಹೊಸ ಮಾರ್ಕರ್ ಹಿಂದೆ ಓಡುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ತಿರಸ್ಕರಿಸಿದ ಸ್ಯಾಂಪಲ್‌ಗಳ ರಿಜಿಸ್ಟರ್ ಒಂದು ಧೂಳು ತಿನ್ನುತ್ತಾ ಬಿದ್ದಿರುತ್ತದೆ, ಅದನ್ನು ತೆಗೆಯಿರಿ. ಯಾವ ವಾರ್ಡಿನಿಂದ ಹಿಮೊಲೈಸ್ಡ್ ಜಾಸ್ತಿ, ಯಾವ ಪಾಳಿಯಲ್ಲಿ, ಡ್ರಿಪ್‌ಗೆ ಹಾಕಿಟ್ಟ ಕ್ಯಾನುಲಾದಿಂದ ಎಳೆದದ್ದೋ ನೇರ ಚುಚ್ಚಿದ್ದೋ. ಲ್ಯಾಬಿನ ತಪ್ಪುಗಳಲ್ಲಿ ಬಹುಪಾಲು ಮೆಷಿನ್‌ಗೆ ಹೋಗುವ ಮೊದಲೇ ಆಗುತ್ತವೆ ಅಂತ ಪುಸ್ತಕದಲ್ಲಿ ಓದಿದ್ದೀರಿ, ನಿಮ್ಮಲ್ಲಿ ಎಷ್ಟು ಅಂತ ಎಣಿಸಿ. ಆಮೇಲೆ ಆ ವಾರ್ಡಿನ ಸಿಸ್ಟರ್‌ಗಳ ಜೊತೆ ಕೂತು ತರಬೇತಿ ಕೊಟ್ಟು ಮೂರು ತಿಂಗಳು ಬಿಟ್ಟು ಮತ್ತೆ ಎಣಿಸಿ. ಎಥಿಕ್ಸ್ ಕಮಿಟಿಯ ಅನುಮತಿ ಮೊದಲೇ ತಗೊಳ್ಳಿ. ಕಿಟ್‌ಗೆ ಒಂದು ರೂಪಾಯಿ ಖರ್ಚಿಲ್ಲ, ಸಿಸ್ಟರ್‌ಗಳಿಗೆ ಕಾಫಿ ಮಾತ್ರ ನೀವೇ ಕೊಡಿಸಬೇಕು.