ಆರು ಗಂಟೆಯ ಗುಡ್ ಮಾರ್ನಿಂಗ್

ಇವರನ್ನು ಸುಮಿತ್ರಾ ಅಂತ ಕರೆಯೋಣ. ವಯಸ್ಸು 47. ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಗಂಡ ತೀರಿಕೊಂಡು ಆರು ವರ್ಷ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹೆಸರು, ಕೆಲಸ, ಮೊತ್ತ ಎಲ್ಲ ಬದಲಿಸಿದ್ದೇನೆ. ಅವರು ಓದಿ ಒಪ್ಪಿದ ಮೇಲೆಯೇ ಬರೆದು ಹಾಕುತ್ತಿದ್ದೇನೆ.

ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಮೊದಲ ಸಲ ಬಂದಾಗ ಹೇಳಿದ್ದು ಇಷ್ಟೇ: "ನಿದ್ದೆ ಬರ್ತಿಲ್ಲ ಮೇಡಂ." ಮೊಬೈಲನ್ನು ಟೇಬಲ್ ಮೇಲೆ ಬೋರಲು ಇಟ್ಟಿದ್ದರು. ಅದು ಗುಂಯ್ ಅಂದಾಗಲೆಲ್ಲ ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಮುಕ್ಕಾಲು ಗಂಟೆ ಸ್ಕೂಲು, ಮೊಣಕಾಲು ನೋವು, ಮಗಳ ಫೀಸು ಅಂತ ಮಾತಾಡಿ, ಇನ್ನೇನು ಏಳಬೇಕು ಅನ್ನುವಾಗ ಕೇಳಿದರು: "ಸೊಸೈಟಿಯಲ್ಲಿ ನಾಲ್ಕು ಬಳೆ ಗಿರವಿ ಇಟ್ಟರೆ ಎಷ್ಟು ಕೊಡಬಹುದು?"

ಆಮೇಲೆ ಕಥೆ ಹೊರಬಿತ್ತು. ಮರುಮದುವೆಗೆ ಅಂತ ಒಂದು ವಧು-ವರರ ಆ್ಯಪ್‌ನಲ್ಲಿ ಹೆಸರು ಹಾಕಿದ್ದರು. ಎಡಿನ್‌ಬರೋದಲ್ಲಿರುವ ಮೂಳೆ ಡಾಕ್ಟರು ಒಬ್ಬರು ಬರೆದರು. ಅವರದೂ ಹೆಂಡತಿ ತೀರಿಕೊಂಡಿದ್ದಾರಂತೆ. ತಂದೆ ತಾಯಿ ಭಾರತದವರು, ತಾನು ಹುಟ್ಟಿದ್ದು ಅಲ್ಲೇ, ಹಾಗಾಗಿ ಕನ್ನಡ ಬರಲ್ಲ. ಎರಡೇ ದಿನಕ್ಕೆ ಮಾತು ಆ್ಯಪ್‌ನಿಂದ ವಾಟ್ಸ್‌ಆ್ಯಪ್‌ಗೆ ಬಂತು. ನಾಲ್ಕು ತಿಂಗಳು, ದಿನಾ ಬೆಳಿಗ್ಗೆ ಆರಕ್ಕೆ ಗುಡ್ ಮಾರ್ನಿಂಗ್. ರಾತ್ರಿ ಹತ್ತಕ್ಕೆ ಊಟ ಆಯ್ತಾ, ಮಾತ್ರೆ ತಗೊಂಡ್ರಾ.

ಆಮೇಲೆ ಪಾರ್ಸೆಲ್. ವಾಚು, ಬ್ಯಾಗು, ಫೋನು, ಜೊತೆಗೆ ಮೈಸೂರಿನಲ್ಲಿ ಮನೆ ತಗೊಳ್ಳಲು 40,000 ಪೌಂಡ್ ನೋಟು. ನಾಲ್ಕು ದಿನ ಬಿಟ್ಟು "ದೆಹಲಿ ಏರ್‌ಪೋರ್ಟ್ ಕಸ್ಟಮ್ಸ್"ನಿಂದ ಹೆಂಗಸೊಬ್ಬಳ ಫೋನ್. ಮೊದಲು ಸುಂಕ ಅಂತ 65,000. ಆಮೇಲೆ ಕರೆನ್ಸಿ ಸಿಕ್ಕಿದೆ, ಸರ್ಟಿಫಿಕೇಟ್ ಬೇಕು ಅಂತ 1,85,000. ಎರಡನ್ನೂ ಕಟ್ಟಿದ್ದರು. ಈಗ 2,40,000, ಇಲ್ಲದಿದ್ದರೆ ನಿಮ್ಮ ಮೇಲೇ ಕೇಸ್.

ಇಲ್ಲಿ ನಾನು ತಪ್ಪು ಮಾಡಿದೆ. "ಇದು ಮೋಸ ಅಲ್ವಾ ಮೇಡಂ, ಇಂಥವು ಎಷ್ಟೋ ನೋಡಿದ್ದೇನೆ" ಅಂದುಬಿಟ್ಟೆ. ಅವರ ಮುಖ ಬಾಗಿಲು ಹಾಕಿದ ಹಾಗೆ ಮುಚ್ಚಿಕೊಂಡಿತು. "ನಿಮಗೆ ಅವರು ಗೊತ್ತಿಲ್ಲ" ಅಂತ ಹೇಳಿ ಎದ್ದು ಹೋದರು. ಮರುದಿನ ಬಳೆ ಗಿರವಿ ಇಟ್ಟು ಹಣ ಕಳಿಸಿದರು. ಆ ಎರಡು ಲಕ್ಷದ ನಲವತ್ತು ಸಾವಿರದಲ್ಲಿ ನನ್ನ ಆತುರದ ಪಾಲೂ ಇದೆ.

ಒಂಬತ್ತು ದಿನ ಬಿಟ್ಟು ಮತ್ತೆ ಬಂದರು. ನಾಲ್ಕನೇ ಬೇಡಿಕೆ ಬಂದಿತ್ತು. ಈ ಸಲ ನಾನು ಮೋಸ ಅನ್ನುವ ಮಾತೇ ಎತ್ತಲಿಲ್ಲ. ಅವರ ಒಂದು ದಿನ ಹೇಗಿರುತ್ತೆ ಹೇಳಿ, ಎಷ್ಟಕ್ಕೆ ಏಳ್ತಾರೆ, ಯಾವಾಗ ಆಸ್ಪತ್ರೆಗೆ ಹೋಗ್ತಾರೆ ಅಂತ ಕೇಳಿದೆ. ಮಾತಿನ ಮಧ್ಯೆ, ನಮಗೂ ಬ್ರಿಟನ್‌ಗೂ ಎಷ್ಟು ಗಂಟೆ ವ್ಯತ್ಯಾಸ ಅಂದೆ. "ಚಳಿಗಾಲದಲ್ಲಿ ಐದೂವರೆ" ಅಂದರು ತಕ್ಷಣ. ಎಂಟನೇ ಕ್ಲಾಸಿಗೆ ರೇಖಾಂಶದ ಲೆಕ್ಕ ಮಾಡಿಸಿದವರು. ಹಾಗಾದರೆ ಬೆಳಿಗ್ಗೆ ಆರಕ್ಕೆ ಬರುವ ಗುಡ್ ಮಾರ್ನಿಂಗ್ ಅಲ್ಲಿ ಎಷ್ಟು ಗಂಟೆಗೆ ಹೊರಟಿರುತ್ತೆ?

"ರಾತ್ರಿ ಹನ್ನೆರಡೂವರೆ." ಸ್ವಲ್ಪ ಹೊತ್ತು ಬಿಟ್ಟು, "ನೈಟ್ ಡ್ಯೂಟಿ ಇರುತ್ತೆ."

ಇರಬಹುದು ಅಂದೆ. ಒಂದು ಹಾಳೆ, ಪೆನ್ನು ಕೊಟ್ಟೆ. ಅವರೇ ಚಾಟ್ ತೆಗೆದು ಹಿಂದಿನ ಆರು ವಾರದ ಮೆಸೇಜುಗಳ ಹೊತ್ತು ಬರೆಯುತ್ತಾ ಹೋದರು. 6.02, 6.10, 5.58. ಭಾನುವಾರ ಏಳೂವರೆ. ಮಧ್ಯಾಹ್ನ ಒಂದರಿಂದ ಎರಡು ಪೂರ್ತಿ ಖಾಲಿ. ಹತ್ತೂವರೆ ಆದ ಮೇಲೆ ಒಂದೂ ಇಲ್ಲ. ಹಾಳೆ ಮುಕ್ಕಾಲು ತುಂಬುವ ಹೊತ್ತಿಗೆ ಪೆನ್ನು ಕೆಳಗಿಟ್ಟರು. "ಭಾನುವಾರ ತಡವಾಗಿ ಏಳ್ತಾನೆ ಮೇಡಂ. ನಮ್ಮ ಗಡಿಯಾರ ನೋಡ್ಕೊಂಡು ಬದುಕ್ತಿದ್ದಾನೆ." ಆ ಕ್ಷಣದವರೆಗೆ 'ಅವರು' ಆಗಿದ್ದ ಮನುಷ್ಯ 'ಅವನು' ಆಗಿದ್ದ.

ಆಮೇಲೆ ಇನ್ನೊಂದು ಕೆಲಸ ಇಬ್ಬರೂ ಸೇರಿ ಮಾಡಿದೆವು. ಬ್ರಿಟನ್‌ನಲ್ಲಿ ಕೆಲಸ ಮಾಡುವ ಡಾಕ್ಟರುಗಳ ಹೆಸರು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇರಲೇಬೇಕು. ಆ ಪಟ್ಟಿ ಇಂಟರ್‌ನೆಟ್‌ನಲ್ಲಿದೆ, ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಆ ಹೆಸರು ಅಲ್ಲಿರಲಿಲ್ಲ. ಇದ್ದಿದ್ದರೂ ನಂಬಬೇಕು ಅಂತಿಲ್ಲ. ಇನ್ನೊಬ್ಬರ ಹೆಸರು, ಫೋಟೋ ಎರಡೂ ಕದಿಯುವುದು ಇವರಿಗೆ ಸಲೀಸು.

ಇಂಥ ಪ್ರಕರಣಗಳಲ್ಲಿ ಎಲ್ಲರೂ ಹಣ ಕೇಳಿದ ದಿನವನ್ನು ಹಿಡಿದುಕೊಂಡು ಲೆಕ್ಕ ಹಾಕುತ್ತಾರೆ. ನಾನು ಅದಕ್ಕಿಂತ ಹಿಂದಕ್ಕೆ ಹೋಗುತ್ತೇನೆ. ಅವನು ಮೊದಲು ಕೇಳಿದ್ದು ಹಣ ಅಲ್ಲ, ಗುಟ್ಟು. ಮೂರನೇ ವಾರದಲ್ಲೇ ಬರೆದಿದ್ದ: ನಾನು ಬಂದು ನಿಮ್ಮವರ ಜೊತೆ ಮಾತಾಡುವ ತನಕ ಯಾರಿಗೂ ಹೇಳಬೇಡಿ, ಕೆಟ್ಟ ದೃಷ್ಟಿ ಬೀಳುತ್ತೆ. ಸುಮಿತ್ರಾ ಅವರಿಗೆ ಅದು ಇಷ್ಟವೇ ಆಗಿತ್ತು. "ಅಲ್ಲಿ ಹುಟ್ಟಿ ಬೆಳೆದರೂ ದೃಷ್ಟಿ ಗೊತ್ತು ನೋಡಿ ಅಂದ್ಕೊಂಡೆ." ತಂಗಿಗೆ ಹೇಳಿದ್ದರೆ ಅವಳು ಒಂದೇ ನಿಮಿಷಕ್ಕೆ ನಗುತ್ತಿದ್ದಳು, ಆ ನಗು 4,90,000 ಉಳಿಸುತ್ತಿತ್ತು. ದುಡ್ಡು ಕಳಿಸಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಸಲಹೆ ಇನ್ನೂ ಮುಂಚಿನದು: ಮೊದಲ ವಾರದಲ್ಲೇ ಮನೆಯ ಒಬ್ಬರಿಗಾದರೂ ಆ ಚಾಟ್ ತೋರಿಸಿ. ಬೇಡ ಅಂತ ಅವನೇ ಹೇಳಿದರೆ ಅವತ್ತೇ ನಿಲ್ಲಿಸಿ. ಮದುವೆ ಆಗುವವನಿಗೆ ನಿಮ್ಮ ತಂಗಿಯ ಭಯ ಯಾಕೆ?

ವಿಡಿಯೋ ಕಾಲ್ ಮಾಡಿದ್ದೀರಾ ಅಂತ ಕೇಳಿದೆ. ಒಮ್ಮೆ ಮಾಡಿದ್ದನಂತೆ, ಅರ್ಧ ನಿಮಿಷ, ನೆಟ್‌ವರ್ಕ್ ಸರಿ ಇರಲಿಲ್ಲ. ಈಗ ಮುಖ, ದನಿ ಎರಡನ್ನೂ ಕಂಪ್ಯೂಟರ್‌ನಲ್ಲಿ ಹುಟ್ಟಿಸುತ್ತಾರೆ. ಹಾಗಾಗಿ ವಿಡಿಯೋದಲ್ಲಿ ಕಂಡರು ಅನ್ನುವುದನ್ನೂ ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ. ಎದುರಾ ಎದುರು ಕೂತು, ಮನೆಯವರೂ ಮಾತಾಡುವ ತನಕ ಒಂದು ರೂಪಾಯಿಯೂ ಆ ಕಡೆ ಹೋಗಬಾರದು. ಕಸ್ಟಮ್ಸ್ ವಿಷಯ ಎಲ್ಲರಿಗೂ ಗೊತ್ತಿರಲಿ. ಸುಂಕ ಸರ್ಕಾರಕ್ಕೆ ಹೋಗುತ್ತದೆ, ಬೇರೆ ರಾಜ್ಯದ ಯಾವನೋ ಒಬ್ಬನ ಉಳಿತಾಯ ಖಾತೆಗಲ್ಲ. 2019ರ ನವೆಂಬರ್‌ನಿಂದ ಕಸ್ಟಮ್ಸ್ ಕಳಿಸುವ ಪತ್ರ, ನೋಟಿಸುಗಳಲ್ಲಿ ಡಿಐಎನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅದು ನಿಜವೋ ಸುಳ್ಳೋ ಅಂತ ಇಲಾಖೆಯ ವೆಬ್‌ಸೈಟ್‌ನಲ್ಲೇ ನೋಡಬಹುದು. ಸುಮಿತ್ರಾ ಅವರಿಗೆ ಬಂದಿದ್ದ ಪತ್ರದಲ್ಲಿ ಅಶೋಕ ಸ್ತಂಭ ಇತ್ತು, ಎರಡು ಸೀಲು ಇತ್ತು, ಸ್ಪೆಲಿಂಗ್ ತಪ್ಪು ಮೂರಿತ್ತು. ಆ ಸಂಖ್ಯೆ ಇರಲಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನನ್ನ ರೂಮಿನಿಂದಲೇ ಫೋನ್ ಮಾಡಿದರು. ಖಾತೆ ಸಂಖ್ಯೆ, ದಿನಾಂಕ, ಮೊತ್ತ, ಪ್ರತಿ ವರ್ಗಾವಣೆಗೆ ಬ್ಯಾಂಕು ಕೊಡುವ ಯುಟಿಆರ್ ಅನ್ನುವ ಗುರುತಿನ ನಂಬರ್ ಮೊದಲೇ ಬರೆದಿಟ್ಟುಕೊಂಡಿದ್ದೆವು. ಚಾಟ್ ಅಳಿಸಿ ಪೀಡೆ ಕಳೆದುಕೊಳ್ಳಬೇಕು ಅಂತ ಅವರಿಗೆ ಕೈ ತುರಿಸುತ್ತಿತ್ತು. ಬೇಡ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ ಅಂದೆ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ, ಮರುದಿನ ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದರು. ಪೊಲೀಸರಿಗೆ ಹೇಳ್ತೀನಿ ಅಂತ ಅವನಿಗೆ ಮಾತ್ರ ತಿಳಿಸಬಾರದು, ಅದನ್ನು ಎರಡು ಸಲ ಹೇಳಬೇಕಾಯಿತು. ಅವನಿಗೆ ಒಂದು ಮಾತು ಕೇಳಬೇಕು ಅನ್ನುವ ಆಸೆ ಇರುತ್ತದೆ.

ಠಾಣೆಗೆ ಹೋಗುವ ಹಿಂದಿನ ರಾತ್ರಿ ನನಗೆ ಫೋನ್ ಬಂತು. ಹಣದ ವಿಷಯಕ್ಕಲ್ಲ. "ಒಂದು ಫೋಟೋ ಕಳಿಸಿದ್ದೆ ಮೇಡಂ. ಅದನ್ನ ಸ್ಕೂಲ್ ಗ್ರೂಪಿಗೆ ಹಾಕ್ತೀನಿ ಅಂತಿದ್ದಾನೆ." ನಾನು ಬೇರೆ ಏನೋ ಊಹಿಸಿಕೊಂಡೆ. ಮರುದಿನ ತೋರಿಸಿದರು. ಹಸಿರು ಸೀರೆ, ಹಣೆಗೆ ಕುಂಕುಮ, ಮುಡಿ ತುಂಬ ಮಲ್ಲಿಗೆ. ಗಂಡ ಹೋದ ಮೇಲೆ ಮೊದಲ ಸಲ ಹೂ ಮುಡಿದಿದ್ದರು, ಬಾಗಿಲು ಹಾಕಿಕೊಂಡು, ಒಂದು ಫೋಟೋಗಾಗಿ. ಐದು ಲಕ್ಷ ಹೋದದ್ದನ್ನು ಕಣ್ಣೀರಿಲ್ಲದೆ ಹೇಳಿದವರು ಇದನ್ನು ತೋರಿಸುವಾಗ ನಡುಗುತ್ತಿದ್ದರು. ಬೆದರಿಕೆಗೆ ಹಣ ಕೊಟ್ಟರೆ ಇನ್ನೊಂದು ಬೆದರಿಕೆ ಬರುತ್ತದೆ, ಅದನ್ನೂ ದೂರಿನಲ್ಲಿ ಬರೆಸಿ ಅಂದೆ. ಫೋಟೋದಲ್ಲಿ ತುಂಬಾ ಚೆನ್ನಾಗಿದ್ದೀರಿ ಅಂತಲೂ ಹೇಳಿದೆ. ಅದು ಸಲಹೆ ಅಲ್ಲ, ಸುಮ್ನೆ ಹೇಳಿದ್ದು. ಅವನು ಹಾಕಲಿಲ್ಲ. ಮಗಳಿಗೆ ಮಾತ್ರ ಅವರೇ ಕಳಿಸಿದರು, ಎಲ್ಲ ಹೇಳಿದ ದಿನ.

ಹಣದ ಬಗ್ಗೆ ಸುಳ್ಳು ಆಸೆ ಹುಟ್ಟಿಸಬಾರದು. ತಾವೇ ಕೈಯಾರೆ ಕಳಿಸಿದ ಹಣವನ್ನು ಬ್ಯಾಂಕು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. 1930ಕ್ಕೆ ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದ್ದರೆ ಖಾತೆಯಲ್ಲಿ ಉಳಿದದ್ದನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಇಲ್ಲಿ ಒಂಬತ್ತು ದಿನ ಆಗಿತ್ತು. ಹಣ ಖಾತೆಯಿಂದ ಖಾತೆಗೆ ಹಾರಿ ಹೋಗಿ, ಒಂದರಲ್ಲಿ 38,000 ಸಿಕ್ಕಿತು. ಅದೂ ತಕ್ಷಣ ಕೈಗೆ ಬರುವುದಿಲ್ಲ. ಎರಡು ವಾರದ ನಂತರ ಒಬ್ಬ 'ವಕೀಲ' ಫೋನ್ ಮಾಡಿ, ಪೂರ್ತಿ ಹಣ ವಾಪಸ್ ಕೊಡಿಸ್ತೀವಿ, 12,000 ಫೀಸು ಅಂದ. ಒಮ್ಮೆ ಮೋಸ ಹೋದವರ ನಂಬರ್ ಇಂಥವರ ಕೈಯಿಂದ ಕೈಗೆ ದಾಟುತ್ತದೆ. ಈ ಸಲ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಆಫೀಸು ಎಲ್ಲಿದೆ, ನನ್ನ ತಂಗಿ ಜೊತೆ ಬರ್ತೀನಿ." ಲೈನ್ ಕಟ್ ಆಯಿತು.

ಎಂಟು ಸಲ ಭೇಟಿಯಾಗಿದ್ದೇವೆ. ನಾಲ್ಕು ಭೇಟಿ ಹಣದ ಮಾತೇ ಇಲ್ಲ. ಇಲ್ಲದ ಮನುಷ್ಯನಿಗಾಗಿ ಅಳುವುದು ಹೇಗೆ, ಯಾರ ಮುಂದೆ? ಮನೆಯವರು "ಹೋಗ್ಲಿ ಬಿಡು" ಅನ್ನುತ್ತಾರೆ, ಇಲ್ಲವೇ "ಓದಿದವಳು ನೀನು" ಅನ್ನುತ್ತಾರೆ. ಎರಡೂ ಬೇಡ. ಮಗಳಿಗೂ ತಂಗಿಗೂ ನಾನು ಹೇಳಿದ್ದು, ಈ ಮಾತು ಎತ್ತಿ ಹಂಗಿಸಬೇಡಿ, ದಿನಾ ಒಂದು ಸಲ ಫೋನ್ ಮಾಡಿ. ಮತ್ತೆ ಸಂಗಾತಿ ಹುಡುಕುವುದು ತಪ್ಪಲ್ಲ ಅಂತ ಸುಮಿತ್ರಾ ಅವರಿಗೆ ಹೇಳಿದ್ದೇನೆ. ಅದಕ್ಕೆ ಅವರು ಇನ್ನೂ ಏನೂ ಅಂದಿಲ್ಲ.

ನಡುವೆ ಒಮ್ಮೆ ಹೊಸ ನಂಬರಿನಿಂದ ಅವನ ಮೆಸೇಜ್ ಬಂದಿತ್ತು. ಉತ್ತರ ಕೊಟ್ಟರಂತೆ, "ಯಾರು ನೀವು?" ಅಂತ. ಹೇಳುವಾಗ ತಲೆ ತಗ್ಗಿಸಿದ್ದರು. ಆಗುತ್ತೆ, ಈಗ ಬ್ಲಾಕ್ ಮಾಡಿ ಅಂದೆ. ನನ್ನೆದುರೇ ಮಾಡಿದರು.

ಬೆಳಿಗ್ಗೆ ಆರಕ್ಕೆ ಈಗಲೂ ಎಚ್ಚರ ಆಗುತ್ತದಂತೆ, ಕೈ ಫೋನಿಗೆ ಹೋಗುತ್ತದಂತೆ. ಆರಕ್ಕೆ ಮೆಸೇಜ್ ಹಾಕ್ತೀನಿ ಅಂತ ಮಗಳು ಮಾತು ಕೊಟ್ಟಿದ್ದಾಳೆ. "ಬರುತ್ತೆ ಮೇಡಂ," ಅಂದರು ಹೋದ ವಾರ, "ಎಂಟೂವರೆಗೆ. ಈಗ ಎದ್ದೆ ಅಮ್ಮ ಅಂತ."