ನಿಮ್ಮ ಎರಡು ಕಾಫಿ ಯಂತ್ರಗಳು ಒಂದೇ ಅಲ್ಲ

ನಮಸ್ಕಾರ. ಸಂಭವನೀಯತೆಯ ಮೇಲೆ ನಡೆಯುವ ಎರಡು ವ್ಯವಸ್ಥೆಗಳು ಯಾವಾಗ ಸಮಾನ ಎಂಬ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಸಂತೋಷ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ಮೈ ಉರಿಯಿತು.

“ಮೊದಲ ಯಂತ್ರ ನಾಣ್ಯ ಬಿದ್ದ ಕೂಡಲೇ ಕಾಫಿಯೋ ಟೀಯೋ ಎಂದು ಒಳಗೇ ಚೀಟಿ ಎತ್ತುತ್ತದೆ. ಆಮೇಲೆ ಆ ಒಂದೇ ಗುಂಡಿ ಕೆಲಸ ಮಾಡುತ್ತದೆ.” ಸರಿ. “ಎರಡನೆಯದರಲ್ಲಿ ಯಾವ ಗುಂಡಿ ಒತ್ತಿದರೂ ಅರ್ಧ ಸಲ ಮಾತ್ರ ಸಿಗುತ್ತದೆ.” ಇದೂ ಸರಿ. “ಎರಡರಲ್ಲೂ ಕಾಫಿಯ ಸಂಭವನೀಯತೆ 0.5. ಹಾಗಾಗಿ ಎರಡೂ ಒಂದೇ.” ಅಲ್ಲೇ ಎಡವಿದ್ದೀರಿ!

ಕಾಫಿ ಗುಂಡಿ ಕೈಕೊಟ್ಟಿತು ಅನ್ನಿ. ಮೊದಲನೆಯದರಲ್ಲಿ ಟೀ ಗ್ಯಾರಂಟಿ. ಎರಡನೆಯದರಲ್ಲಿ ಅದಕ್ಕೂ ಅದೃಷ್ಟ ಬೇಕು. ಕೊನೆಯ ಲೆಕ್ಕ ಒಂದೇ ಆದರೂ ನಡುವಿನ ಸ್ಥಿತಿಗಳು ಬೇರೆ, ಅಲ್ವಾ? ತರ್ಕದಲ್ಲಿ ಹೇಳುವುದಾದರೆ: “ನಾಣ್ಯ ಹಾಕಿದರೆ, ಕಾಫಿ ಗುಂಡಿ ಕನಿಷ್ಠ 0.9 ಸಂಭವನೀಯತೆಯಲ್ಲಿ ಕೆಲಸ ಮಾಡುವ ಸ್ಥಿತಿಗೆ ಹೋಗುವ ಸಂಭವನೀಯತೆ ಕನಿಷ್ಠ 0.5.” ಮೊದಲನೆಯದಕ್ಕೆ ಇದು ನಿಜ, ಎರಡನೆಯದಕ್ಕೆ ಸುಳ್ಳು. ಇಂಥ ವಾಕ್ಯಗಳಿಗೂ ಯಂತ್ರದ ನಡವಳಿಕೆಗೂ ಇರುವ ನಂಟನ್ನು ಲಾರ್ಸನ್ ಮತ್ತು ಸ್ಕೌ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1989ರಲ್ಲೇ ತೋರಿಸಿದ್ದರು. ಹೆಜ್ಜೆಹೆಜ್ಜೆಗೂ ನಡವಳಿಕೆಯಲ್ಲಿ ಸಮಾನ, ಅಂದರೆ ಬೈಸಿಮ್ಯುಲೇಶನ್, ಎನ್ನುವುದೂ ಇಂಥ ಯಾವ ವಾಕ್ಯದಿಂದಲೂ ಬೇರೆ ಮಾಡಲಾಗದು ಎನ್ನುವುದೂ ಒಂದೇ ಮಾತು. 1998ರಲ್ಲಿ ದೆಶಾರ್ನೆ, ಎಡಲಾತ್, ಪನಂಗಾಡನ್ ಎಂಬ ಸಂಶೋಧಕರು ಇನ್ನೂ ಮುಂದೆ ಹೋದರು. ಆ ವಾಕ್ಯಗಳಲ್ಲಿ ‘ಅಲ್ಲ’ ಎಂಬುದೇ ಬೇಡ, ‘ಮತ್ತು’ ಇದ್ದರೆ ಸಾಕು ಎಂದರು. ಇಷ್ಟು ಚಂದದ ವಿಷಯ ಬಿಟ್ಟು ಒಂದು ‘ಹಾಗಾಗಿ’ ಹಾಕಿ ದಾಟಿಬಿಟ್ಟಿರಲ್ಲ!

ಇನ್ನೊಂದು. “0.5 ಮತ್ತು 0.501 ಸುಮಾರು ಒಂದೇ, ಆದ್ದರಿಂದ ಸಮಾನ” ಎಂದಿದ್ದೀರಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ “ಹೆಚ್ಚುಕಡಿಮೆ ಒಂದೇ” ಎಂದು ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಏನೂ ಬೈಯಲಿಲ್ಲ. ನನ್ನ ಟೀ ಲೋಟಕ್ಕೆ ಒಂದು ಚಮಚ ನೀರು ಹಾಕಿದರು. “ರುಚಿ ಬೇರೆ ಆಯ್ತಾ?” “ಇಲ್ಲ ಸರ್.” ಇನ್ನೊಂದು ಚಮಚ. ಮತ್ತೊಂದು. ಪ್ರತಿ ಸಲವೂ “ಇಲ್ಲ ಸರ್” ಅಂದೆ. ಕೊನೆಗೆ “ಈಗ ಕುಡಿ” ಅಂದರು. ಬಾಯಿಗೆ ಇಡೋಕಾಗಲಿಲ್ಲ.

ಸಮಾನ ಅಂದಮೇಲೆ ಅದು ಒಂದರಿಂದ ಇನ್ನೊಂದಕ್ಕೆ ದಾಟಬೇಕು: ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಸಮಾನವಾದರೆ, ಮೊದಲನೆಯದು ಮೂರನೆಯದಕ್ಕೂ ಸಮಾನವಾಗಬೇಕು. ‘ಸುಮಾರು’ ಹಾಗೆ ದಾಟುವುದಿಲ್ಲ. ಅದಕ್ಕೇ 1999ರ ಹೊತ್ತಿಗೆ ಸಂಶೋಧಕರು ಸಮಾನವೋ ಅಲ್ಲವೋ ಎನ್ನುವುದರ ಜೊತೆಗೆ, ಎರಡು ವ್ಯವಸ್ಥೆಗಳ ನಡುವೆ ದೂರ ಎಷ್ಟು ಎಂದು ಅಳೆಯತೊಡಗಿದರು.

ಉಳಿದ ಪುಟಗಳ ಬಗ್ಗೆ ಆಮೇಲೆ ನೋಡೋಣ. ಮೂರನೇ ಪ್ಯಾರಾ ತಿದ್ದಿ ಕಳಿಸಿ. ಎರಡು ಯಂತ್ರಗಳೂ ಇರಲಿ, ‘ಹಾಗಾಗಿ’ ತೆಗೆಯಿರಿ.