ಗುಂಯ್ ಅನ್ನೋದು ನಿಲ್ಬೇಕು

ಪ್ರಶ್ನೆ: ಸರ್, ಪ್ರಾಜೆಕ್ಟಿಗೆ ವಿದ್ಯುತ್ತನ್ನ ಶಬ್ದದ ಅಲೆ ಮಾಡೋ ಅಲ್ಟ್ರಾಸೌಂಡ್ ಟ್ರಾನ್ಸ್‌ಡ್ಯೂಸರ್ ಮಾಡ್ತಿದೀವಿ, ಒಂದು ಪಲ್ಸ್ ಕೊಟ್ರೆ ಹತ್ತು ಸೈಕಲ್ ಅಲ್ಲಾಡ್ತಾನೇ ಇರತ್ತೆ. ಬ್ಯಾಂಡ್‌ವಿಡ್ತ್ (ಕೆಲ್ಸ ಮಾಡೋ ಆವರ್ತನಗಳ ಹರವು) ಜಾಸ್ತಿ ಮಾಡೋದು ಹೇಗೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ದೇವಸ್ಥಾನದ ಗಂಟೆ ಹೊಡೆದು ಅಂಗೈ ಇಟ್ರೆ ಗುಂಯ್ ಅನ್ನೋದು ಟಕ್ ಅಂತ ನಿಲ್ಲತ್ತಲ್ಲಮ್ಮ, ಅಲ್ಲಾಡೋ ಬಿಲ್ಲೆಯ ಹಿಂದೆ ಹಾಕೋ ಬ್ಯಾಕಿಂಗ್ ಪದರದ ಕೆಲ್ಸಾನೂ ಅದೇ, ಎಪಾಕ್ಸಿಗೆ ಟಂಗ್‌ಸ್ಟನ್ ಪುಡಿ ಕಲಸಿ ಹಾಕ್ತಾರೆ, ಪಲ್ಸ್ ಚಿಕ್ಕದಾದಷ್ಟೂ ಬ್ಯಾಂಡ್‌ವಿಡ್ತ್ ಅಗಲ ಆಗತ್ತೆ. ಆದ್ರೆ ಬ್ಯಾಕಿಂಗ್ ಒಂದನ್ನೇ ನೆಚ್ಕೋಬೇಡಿ, ಸಿಗ್ನಲ್ಲೇ ಸೊರಗಿ ಹೋಗತ್ತೆ. ನಾನಾದ್ರೆ ಮೊದ್ಲು ಮುಂದಿನ ಮ್ಯಾಚಿಂಗ್ ಲೇಯರ್, ಅಂದ್ರೆ ಬಿಲ್ಲೆಗೂ ನೀರಿಗೂ ಹೊಂದಿಸೋ ಪದರ, ನೋಡ್ತೀನಿ: ಪಿಜಡ್‌ಟಿ ಅನ್ನೋ ಬಿಲ್ಲೆಯ ಸೆರಾಮಿಕ್ಕಿನ ಇಂಪಿಡೆನ್ಸ್ (ಶಬ್ದಕ್ಕೆ ಒಡ್ಡೋ ತಡೆ) ಸುಮಾರು 33 ಮೆಗಾರೇಲ್, ನೀರಿಂದು 1.5, ಮಧ್ಯೆ ಸುಮಾರು 7ರ ಪದರ ಕಾಲು ತರಂಗಾಂತರ ದಪ್ಪಕ್ಕೆ ಕೂತ್ರೆ ಶಕ್ತಿ ಬೇಗ ಮುಂದಕ್ಕೆ ದಾಟತ್ತೆ. ಪದರದಲ್ಲಿ ಶಬ್ದದ ವೇಗ ಸೆಕೆಂಡಿಗೆ 2500 ಮೀಟರ್ ಇದ್ರೆ 5 ಮೆಗಾಹರ್ಟ್ಸ್‌ಗೆ ಬರೀ 0.125 ಮಿಮೀ, ಸ್ಯಾಂಡ್‌ಪೇಪರಲ್ಲಿ ಉಜ್ಜಿ ಉಜ್ಜಿ ಮೈಕ್ರೋಮೀಟರಲ್ಲಿ ಅಳೀತಾ ಹೋಗಿ, ಅಂಟು ದಪ್ಪ ಆಗದ ಹಾಗೆ ನೋಡ್ಕೊಳ್ಳಿ.